ಕಾಲೇಜು ಊರಿನ ಏರುಬೆಲೆ: ಮಣಿಪಾಲದ ಅನುಭವ, ಚಿಕ್ಕೋಡಿ ಭಾಗದ ವ್ಯಾಪಾರಿಯ ಲೆಕ್ಕ

ಊರಿಗೆ ಕಾಲೇಜು ಬಂದರೆ ವ್ಯಾಪಾರ ಬಂದಂತೆಯೇ ಎಂಬುದು ಪೇಟೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ನಂಬಿಕೆ. ಸಾವಿರ ವಿದ್ಯಾರ್ಥಿಗಳು ಬಂದರೆ ಸಾವಿರ ಊಟ, ಸಾವಿರ ಚಹಾ, ಸಾವಿರ ನೋಟುಬುಕ್ಕು ಎಂದು ಕಿರಾಣಿ ವ್ಯಾಪಾರಿಯಿಂದ ಹಿಡಿದು ಖಾನಾವಳಿ ನಡೆಸುವವರವರೆಗೆ ಎಲ್ಲರೂ ಮನಸ್ಸಿನಲ್ಲಿಯೇ ಗುಣಿಸುತ್ತಾರೆ. ಈ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಬಂದ ಹಣ ಊರಿನಲ್ಲಿ ಯಾರ ಬಳಿ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಆ ಗುಣಾಕಾರ ಕೇಳುವುದಿಲ್ಲ. ಶಿಕ್ಷಣ ಸಂಸ್ಥೆಗಳಿಂದ ಬೆಳೆದ ಸಣ್ಣ ಊರುಗಳಲ್ಲಿ ಜೀವನ ವೆಚ್ಚ ಏರುವುದು ಸಾಮಾನ್ಯ ದೃಶ್ಯ. ಆ ಏರಿಕೆಯ ಬಹುಭಾಗ ಸೇರುವುದು ಮಾರುವವನ ಗಲ್ಲಾ ಪೆಟ್ಟಿಗೆಗಲ್ಲ, ಜಾಗ ಹೊಂದಿರುವವನ ಕೈಗೆ. ಬಾಡಿಗೆ ಮಳಿಗೆಯಲ್ಲಿ ಕುಳಿತ ವ್ಯಾಪಾರಿಗೆ ವಹಿವಾಟು ಹೆಚ್ಚಿದರೂ ನಿವ್ವಳ ಲಾಭ ಕುಗ್ಗಬಹುದು.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕೇಂದ್ರ. ಚಿಕ್ಕೋಡಿ, ನಿಪ್ಪಾಣಿ ಮತ್ತು ಅಥಣಿಗಳಲ್ಲಿ ಕಾಲೇಜುಗಳಿವೆ. ನಿಪ್ಪಾಣಿ ಮತ್ತು ಕಾಗವಾಡಗಳು 2017ರ ರಾಜ್ಯ ಆಯವ್ಯಯದಲ್ಲಿ ತಾಲ್ಲೂಕುಗಳೆಂದು ಘೋಷಿತವಾದವು. ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಬೇಡಿಕೆಯಂತೂ ಹಳೆಯದು. 2011ರ ಜನಗಣತಿಯಂತೆ ಚಿಕ್ಕೋಡಿ ಪಟ್ಟಣದ ಜನಸಂಖ್ಯೆ 38,307, ನಿಪ್ಪಾಣಿಯದು 62,865. ಇಷ್ಟು ಸಣ್ಣ ಪಟ್ಟಣಕ್ಕೆ ಕೆಲವು ಸಾವಿರ ವಿದ್ಯಾರ್ಥಿಗಳು ಅಥವಾ ಕೆಲವು ನೂರು ಸರ್ಕಾರಿ ನೌಕರರು ಒಮ್ಮೆಗೇ ಬಂದು ನೆಲೆಸಿದರೆ ಏನಾಗುತ್ತದೆ ಎಂಬುದನ್ನು ಊಹಿಸುವ ಅಗತ್ಯವಿಲ್ಲ. ಅದೇ ದಾರಿಯಲ್ಲಿ ಎಪ್ಪತ್ತು ವರ್ಷ ನಡೆದ ಊರೊಂದು ಇದೇ ರಾಜ್ಯದ ಕರಾವಳಿಯ ಗುಡ್ಡವೊಂದರ ಮೇಲಿದೆ.

ಮುರಕಲ್ಲಿನ ಗುಡ್ಡ ಪಟ್ಟಣವಾದ ಬಗೆ

ಉಡುಪಿಯಿಂದ ಐದಾರು ಕಿಲೋಮೀಟರ್ ದೂರದಲ್ಲಿರುವ ಮಣಿಪಾಲ ಮೂಲತಃ ಮುರಕಲ್ಲಿನ ಬೋಳುಗುಡ್ಡ. ಅಲ್ಲಿನ ಮಣ್ಣಪಳ್ಳ ಕೆರೆಯಿಂದಲೇ ಊರಿಗೆ ಆ ಹೆಸರು ಬಂದಿತೆನ್ನುತ್ತಾರೆ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ ಅವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದರು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಸರ್ಕಾರದ ಹಣವಿಲ್ಲದೆ ವಿದ್ಯಾರ್ಥಿಗಳ ಶುಲ್ಕದಿಂದಲೇ ವೈದ್ಯಕೀಯ ಕಾಲೇಜು ನಡೆಸಬಹುದೆಂಬುದು ಆ ಕಾಲಕ್ಕೆ ಹೊಸ ವಿಚಾರ. 1993ರಲ್ಲಿ ಈ ಸಂಸ್ಥೆಗಳ ಸಮೂಹಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು.

ಕಾಲೇಜಿನ ಜೊತೆಗೆ ಮತ್ತೊಂದು ಆಸರೆಯೂ ಮಣಿಪಾಲಕ್ಕಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಲ್ಲಿ ಪಿಗ್ಮಿ ಠೇವಣಿಯ ಮೂಲಕ ಮನೆಮನೆಯಿಂದ ಪುಡಿಗಾಸು ಸಂಗ್ರಹಿಸಿ ಬೆಳೆದ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿ ಅಲ್ಲಿಯೇ ಇತ್ತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದ ನಂತರ ಜಿಲ್ಲಾಡಳಿತದ ಕಚೇರಿಗಳ ಸಂಕೀರ್ಣ ರಜತಾದ್ರಿಯೂ ಮಣಿಪಾಲದಲ್ಲಿಯೇ ತಲೆಯೆತ್ತಿತು. ಹೀಗೆ ವಿದ್ಯಾರ್ಥಿ, ರೋಗಿ, ಬ್ಯಾಂಕ್ ನೌಕರ ಮತ್ತು ಸರ್ಕಾರಿ ನೌಕರ ಎಂಬ ನಾಲ್ಕು ಬಗೆಯ ಗಿರಾಕಿಗಳು ಒಂದೇ ಗುಡ್ಡವನ್ನು ಏರಿದರು. ಜಾಗ ಮಾತ್ರ ಇದ್ದಷ್ಟೇ ಇತ್ತು.

ಜಾಗಕ್ಕಿಂತ ಬಿಗಿಯಾದದ್ದು ನೀರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡಿನಲ್ಲಿ ನೀರಿನ ಕೊರತೆ ಎಂದರೆ ಕೃಷ್ಣಾ ತೀರದ ಓದುಗರಿಗೆ ವಿಚಿತ್ರವೆನಿಸಬಹುದು. ಮುರಕಲ್ಲು ಸ್ಪಂಜಿನಂತೆ, ಮಳೆಗಾಲದಲ್ಲಿ ಹೀರಿದ್ದನ್ನು ಬೇಸಿಗೆಯ ಹೊತ್ತಿಗೆ ಬಿಟ್ಟುಕೊಟ್ಟಿರುತ್ತದೆ. ಉಡುಪಿ ಮತ್ತು ಮಣಿಪಾಲಗಳಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯಿಂದ ನೀರು ಬರುತ್ತದೆ. 2019ರ ಮೇ ತಿಂಗಳಿನಲ್ಲಿ ಅಲ್ಲಿನ ನೀರು ತಳ ಮುಟ್ಟಿದಾಗ ಇಡೀ ಪಟ್ಟಣ ಟ್ಯಾಂಕರನ್ನು ನೆಚ್ಚಬೇಕಾಯಿತು. ಟ್ಯಾಂಕರ್ ನೀರಿನ ಬಿಲ್ಲು ಮೊದಲು ವಸತಿಗೃಹದ ಖರ್ಚಾಗುತ್ತದೆ, ನಂತರ ಕೋಣೆಯ ಬಾಡಿಗೆಯಾಗುತ್ತದೆ. ಮಳೆ ಬಂದ ಮೇಲೆ ಟ್ಯಾಂಕರ್ ನಿಲ್ಲುತ್ತದೆ. ಏರಿದ ಬಾಡಿಗೆ ಇಳಿಯುವುದು ಅಪರೂಪ.

ಯಾವುದರ ಬೆಲೆ ಏರುತ್ತದೆ, ಯಾವುದರದು ಏರುವುದಿಲ್ಲ

ಕಾಲೇಜು ಊರಿನಲ್ಲಿ ಎಲ್ಲವೂ ದುಬಾರಿ ಎಂಬ ಮಾತು ಪೂರ್ತಿ ಸರಿಯಲ್ಲ. ಹಲ್ಲುಜ್ಜುವ ಪೇಸ್ಟು, ಬಿಸ್ಕತ್ತು, ಸಾಬೂನುಗಳ ಮೇಲೆ ಮುದ್ರಿತ ಗರಿಷ್ಠ ಮಾರಾಟ ಬೆಲೆ ಮಣಿಪಾಲದಲ್ಲಿಯೂ ಅದೇ, ರಾಯಬಾಗದಲ್ಲಿಯೂ ಅದೇ. ಲಾರಿಯಲ್ಲಿ ಬರಬಲ್ಲ ಸರಕಿನ ಬೆಲೆ ಊರಿಂದೂರಿಗೆ ಹೆಚ್ಚು ಬದಲಾಗುವುದಿಲ್ಲ. ಒಂದೆಡೆ ಏರಿದರೆ ಇನ್ನೊಂದೆಡೆಯಿಂದ ಮಾಲು ಬಂದು ಬೀಳುತ್ತದೆ. ಏರುವುದು ಲಾರಿ ಹತ್ತಲಾರದವುಗಳ ಬೆಲೆ: ನಿವೇಶನ, ಮಳಿಗೆ, ಮಲಗುವ ಕೋಣೆ, ನೀರು, ಬೇಯಿಸಿದ ಊಟ, ಕ್ಷೌರ, ಆಟೋ ಬಾಡಿಗೆ, ಕೂಲಿ. ಇವು ಹುಟ್ಟಿದಲ್ಲಿಯೇ ಖರ್ಚಾಗಬೇಕು. ಬೇಡಿಕೆ ಹೆಚ್ಚಿದರೆ ಇವುಗಳ ಪೂರೈಕೆ ಹೊರಗಿನಿಂದ ಬರಲಾರದು.

ಇದರ ಪರಿಣಾಮ ಎರಡು ಬಗೆಯ ಉದ್ಯಮಗಳ ಮೇಲೆ ಎರಡು ರೀತಿಯಲ್ಲಿ ಆಗುತ್ತದೆ. ಖಾನಾವಳಿಯವರು ತಟ್ಟೆಗೆ ಐದು ರೂಪಾಯಿ ಏರಿಸಿ ಬಾಡಿಗೆಯ ಒಂದು ಭಾಗವನ್ನಾದರೂ ವಿದ್ಯಾರ್ಥಿಗೆ ದಾಟಿಸಬಲ್ಲರು. ಕಿರಾಣಿ ವ್ಯಾಪಾರಿ ಮುದ್ರಿತ ಬೆಲೆಯನ್ನು ಮೀರುವಂತಿಲ್ಲ. ಇನ್ನು ಸಣ್ಣ ಉತ್ಪಾದಕರ ಸ್ಥಿತಿ ಎಲ್ಲಕ್ಕಿಂತ ಇಕ್ಕಟ್ಟಿನದು. ಅಥಣಿ, ನಿಪ್ಪಾಣಿಗಳ ಚರ್ಮೋದ್ಯಮವನ್ನೇ ನೋಡಬಹುದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಂದಿಗೆ ಬೆಳಗಾವಿ ಜಿಲ್ಲೆಯೂ ಸೇರಿದೆ. ಆ ಚಪ್ಪಲಿಯ ಬೆಲೆ ನಿಗದಿಯಾಗುವುದು ಮುಂಬಯಿ, ಪುಣೆ, ಕೊಲ್ಹಾಪುರಗಳಲ್ಲಿ. ಊರಿನಲ್ಲಿ ಕೋಣೆ ಬಾಡಿಗೆ ಏರಿತೆಂದು ಕಾರ್ಮಿಕ ಹೆಚ್ಚು ಕೂಲಿ ಕೇಳುತ್ತಾನೆ. ಅವನ ಕೇಳಿಕೆ ನ್ಯಾಯವೇ. ಆದರೆ ಮುಂಬಯಿಯ ಖರೀದಿದಾರ ಅಥಣಿಯ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿದ್ಯಾರ್ಥಿಗಳಿಗೆ ಒಂದು ಜೊತೆಯನ್ನೂ ಮಾರದ ಉತ್ಪಾದಕ ವಿದ್ಯಾರ್ಥಿಗಳಿಂದ ಬಂದ ಬೆಲೆಯೇರಿಕೆಯನ್ನು ಹೊರಬೇಕಾಗುತ್ತದೆ. ವೆಲ್ಡಿಂಗ್ ಶೆಡ್ಡು, ಮುದ್ರಣಾಲಯ, ಹಿಟ್ಟಿನ ಗಿರಣಿಗಳು ಬೆಳೆಯುವ ಊರಿನ ಮಧ್ಯದಿಂದ ಅಂಚಿಗೆ ಸರಿಯುವುದು ಬಹುಮಟ್ಟಿಗೆ ಇದೇ ಕಾರಣದಿಂದ.

ಸರ್ಕಾರಿ ಸೂಚ್ಯಂಕಗಳಲ್ಲಿ ಈ ಏರಿಕೆಯನ್ನು ಹುಡುಕಿದರೆ ಸಿಗುವುದು ಕಷ್ಟ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರ ಪ್ರದೇಶಕ್ಕೆ ವಸತಿಯ ತೂಕ ಶೇ. 21.67 ಆಗಿತ್ತು, ಗ್ರಾಮೀಣ ಸೂಚ್ಯಂಕದಲ್ಲಿ ಮನೆ ಬಾಡಿಗೆ ಎಂಬ ಬಾಬ್ತೇ ಇರಲಿಲ್ಲ. ಅದೂ ರಾಜ್ಯ ಮತ್ತು ದೇಶದ ಸರಾಸರಿ. ಒಂದು ಪಟ್ಟಣದ ಒಂದು ಬೀದಿಯಲ್ಲಿ ಬಾಡಿಗೆ ಇಮ್ಮಡಿಯಾದರೂ ಸರಾಸರಿ ಅಲುಗುವುದಿಲ್ಲ. ವ್ಯಾಪಾರಿ ತನ್ನ ಊರಿನ ಸೂಚ್ಯಂಕವನ್ನು ತನ್ನ ಖತಾವಣಿಯಲ್ಲಿಯೇ ನೋಡಿಕೊಳ್ಳಬೇಕು.

ಒಂದು ಮಳಿಗೆಯ ವರ್ಷದ ಲೆಕ್ಕ

ಉದಾಹರಣೆಗಾಗಿ ಕಾಲೇಜು ರಸ್ತೆಯ ಒಂದು ಕಲ್ಪಿತ ಸ್ಟೇಷನರಿ ಮತ್ತು ಕಿರಾಣಿ ಅಂಗಡಿಯನ್ನು ತೆಗೆದುಕೊಳ್ಳೋಣ. ತರಗತಿಗಳಿರುವ 8 ತಿಂಗಳು ತಿಂಗಳಿಗೆ 4,00,000 ರೂಪಾಯಿ ಮಾರಾಟ. ಪರೀಕ್ಷೆ ಮತ್ತು ರಜೆಯ 4 ತಿಂಗಳು ತಿಂಗಳಿಗೆ 1,20,000 ರೂಪಾಯಿ. ವರ್ಷದ ಒಟ್ಟು ಮಾರಾಟ 36,80,000. ಒಟ್ಟು ಲಾಭ ಸರಾಸರಿ ಶೇ. 15ರಂತೆ 5,52,000. ಬಾಡಿಗೆ ತಿಂಗಳಿಗೆ 15,000, ಒಬ್ಬ ಕೆಲಸಗಾರನ ಸಂಬಳ 12,000, ವಿದ್ಯುತ್ತು ಮತ್ತಿತರ ಖರ್ಚು 5,000, ಹೀಗೆ ತಿಂಗಳಿಗೆ 32,000. ಇದು ಅಂಗಡಿ ತೆರೆದರೂ ಮುಚ್ಚಿದರೂ ತಪ್ಪದ ಸ್ಥಿರ ವೆಚ್ಚ, ವರ್ಷಕ್ಕೆ 3,84,000. ಉಳಿಯುವುದು 1,68,000, ಅಂದರೆ ತಿಂಗಳಿಗೆ 14,000 ರೂಪಾಯಿ.

ಈ ಲೆಕ್ಕವನ್ನು ಹಂಗಾಮಿನಂತೆ ಒಡೆದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ತರಗತಿಯ ತಿಂಗಳುಗಳಲ್ಲಿ ಪ್ರತಿ ತಿಂಗಳು 28,000 ಲಾಭ. ರಜೆಯ ತಿಂಗಳುಗಳಲ್ಲಿ ಪ್ರತಿ ತಿಂಗಳು 14,000 ನಷ್ಟ. ಜೂನ್ ತಿಂಗಳಿನಲ್ಲಿ ಮಾಲೀಕರು ಬಾಡಿಗೆಯನ್ನು 22,000ಕ್ಕೆ ಏರಿಸಿದರೆಂದುಕೊಳ್ಳೋಣ. ಏರಿದ್ದು ತಿಂಗಳಿಗೆ 7,000 ಮಾತ್ರ, ವರ್ಷಕ್ಕೆ 84,000. ವ್ಯಾಪಾರಿಯ ಉಳಿಕೆ 1,68,000ದಿಂದ 84,000ಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ, ಇಳಿಯಿತು. ಈ ಅಂತರವನ್ನು ಮಾರಾಟದಿಂದಲೇ ತುಂಬಬೇಕಾದರೆ ಶೇ. 15ರ ಲಾಭದಲ್ಲಿ 5,60,000 ರೂಪಾಯಿಗಳ ಹೆಚ್ಚುವರಿ ವಹಿವಾಟು ಬೇಕು. ಆಗ ಒಟ್ಟು ಮಾರಾಟ 42,40,000 ಆಗುತ್ತದೆ. ಕೇವಲ ಸರಕು ಮಾರುವ ವ್ಯಾಪಾರಿಗೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಮಿತಿ 40 ಲಕ್ಷ. ಬಾಡಿಗೆ ಏರಿಕೆಯನ್ನು ತುಂಬಲು ಹೋದವನು ನೋಂದಣಿಯ ಹೊಸ್ತಿಲನ್ನೂ ದಾಟಿದಂತಾಯಿತು. ಹಾಗೆಂದು ಮಾರಾಟವನ್ನು ಪುಸ್ತಕದ ಹೊರಗಿಡುವ ದಾರಿ ಹಿಡಿಯುವುದು ಜಾಣತನವಲ್ಲ. ಡಿಜಿಟಲ್ ಪಾವತಿಯ ಈ ಕಾಲದಲ್ಲಿ ವಿದ್ಯಾರ್ಥಿಗಳ ಖರೀದಿಯ ಬಹುಪಾಲು ಬ್ಯಾಂಕ್ ಖಾತೆಯಲ್ಲಿಯೇ ದಾಖಲಾಗುತ್ತದೆ.

ಸ್ವಂತ ಮಳಿಗೆಯವರಿಗೆ ಈ ಚಿಂತೆಯಿಲ್ಲ ಎಂಬ ಭಾವನೆಯೂ ಅರ್ಧಸತ್ಯ. ತಂದೆಯ ಕಾಲದ ಮಳಿಗೆಯಲ್ಲಿ ಕುಳಿತ ವ್ಯಾಪಾರಿಯ ಪುಸ್ತಕದಲ್ಲಿ ಬಾಡಿಗೆ ಎಂಬ ಖರ್ಚು ಕಾಣುವುದಿಲ್ಲ. ವರ್ಷಕ್ಕೆ ಮೂರು ಲಕ್ಷ ಲಾಭವೆಂದು ಅವರು ಸಂತೋಷಪಡುತ್ತಿರಬಹುದು. ಅದೇ ಮಳಿಗೆಗೆ ಪೇಟೆಯಲ್ಲಿ ತಿಂಗಳಿಗೆ 22,000 ಬಾಡಿಗೆ ಬರುವುದಾದರೆ ಆ ಮೂರು ಲಕ್ಷದಲ್ಲಿ 2,64,000 ಕಟ್ಟಡದ ಗಳಿಕೆ. ವ್ಯಾಪಾರದ ಗಳಿಕೆ, ಇಡೀ ವರ್ಷದ ದುಡಿಮೆಗೆ, 36,000 ಮಾತ್ರ. ಈ ಸತ್ಯ ಮನೆಯ ಮಕ್ಕಳಿಗೆ ಬಹುಬೇಗ ಹೊಳೆಯುತ್ತದೆ. ಅವರು ಮಳಿಗೆಯನ್ನು ಬಾಡಿಗೆಗೆ ಕೊಟ್ಟು ಬೆಳಗಾವಿಗೋ ಪುಣೆಗೋ ಹೋಗುತ್ತಾರೆ. ಕಾಲೇಜು ಊರುಗಳಲ್ಲಿ ಹಳೆಯ ಅಂಗಡಿಗಳು ಒಂದೊಂದಾಗಿ ಮಾಯವಾಗುವುದಕ್ಕೆ ನಷ್ಟವೇ ಕಾರಣವಾಗಬೇಕೆಂದಿಲ್ಲ.

ಒಂದೇ ಬೆಳೆಯ ಊರು

ಒಂದೇ ಬೆಳೆಯನ್ನು ನೆಚ್ಚಿದ ಪೇಟೆಯ ಏರಿಳಿತ ಈ ಭಾಗದ ವ್ಯಾಪಾರಿಗಳಿಗೆ ಹೊಸದಲ್ಲ. ನಿಪ್ಪಾಣಿ ಬೆಳೆದದ್ದು ತಂಬಾಕಿನಿಂದ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆಯಿದೆ. ಅಲ್ಲಿನ ಅಂಗಡಿಕಾರ ಕಬ್ಬು ನುರಿಸುವ ಹಂಗಾಮು ನೋಡಿಯೇ ಉದ್ರಿ ಕೊಡುತ್ತಾನೆ, ಬಿಲ್ಲು ಬಂದ ಮೇಲೆ ವಸೂಲಿ ಮಾಡುತ್ತಾನೆ. ಕಾಲೇಜಿಗೂ ಹಂಗಾಮು ಉಂಟು. ವ್ಯತ್ಯಾಸ ಇಷ್ಟೇ: ಕಬ್ಬಿನ ಹಣ ಹತ್ತಾರು ಹಳ್ಳಿಗಳ ರೈತರ ಕೈಗೆ ಬಂದು ಅಲ್ಲಿಂದ ಪೇಟೆಗೆ ಹರಿಯುತ್ತದೆ, ಕಾಲೇಜಿನ ಹಣ ಪೇಟೆಯ ನಾಲ್ಕಾರು ಬೀದಿಗಳಲ್ಲಿಯೇ ಸುತ್ತುತ್ತದೆ ಮತ್ತು ಅಲ್ಲಿನ ಜಾಗದ ಬೆಲೆಯಲ್ಲಿ ಹೆಪ್ಪುಗಟ್ಟುತ್ತದೆ.

ಒಂದೇ ಬೆಳೆ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಮಣಿಪಾಲ 2020ರಲ್ಲಿ ಕಂಡಿತು. ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಕಾರಣದಿಂದ ತರಗತಿಗಳು ನಿಂತು ವಿದ್ಯಾರ್ಥಿಗಳು ತಮ್ಮ ಊರುಗಳಿಗೆ ಮರಳಿದರು. 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂತು. ಆ ಏಪ್ರಿಲ್ 1ರಂದೇ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪ್ರಧಾನ ಕಚೇರಿಯೆಂಬ ಸ್ಥಾನ ಬೆಂಗಳೂರಿನ ಪಾಲಾಯಿತು. ಎರಡು ಆಸರೆಗಳು ಹದಿನೈದು ದಿನಗಳ ಅಂತರದಲ್ಲಿ ಸಡಿಲಗೊಂಡವು. ವಿದ್ಯಾರ್ಥಿಗಳು ಕಾಲಕ್ರಮದಲ್ಲಿ ಮರಳಿದರು. ಆದರೆ ಅವರು ಇಲ್ಲದ ತಿಂಗಳುಗಳಲ್ಲಿ ಮಳಿಗೆಯ ಬಾಡಿಗೆ ಒಪ್ಪಂದ ಪತ್ರ ಮಾತ್ರ ಜೀವಂತವಾಗಿತ್ತು. ಮೇಲಿನ ಉದಾಹರಣೆಯ ಅಂಗಡಿಗೆ ಹತ್ತು ತಿಂಗಳು ರಜೆಯ ಮಾರಾಟವೇ ಆಗಿದ್ದರೆ ನಷ್ಟ ಹಳೆಯ ಬಾಡಿಗೆಯಲ್ಲಿ 1,40,000, ಹೊಸ ಬಾಡಿಗೆಯಲ್ಲಿ 2,10,000.

ಬಸ್ಸಿನ ವಿದ್ಯಾರ್ಥಿ, ಕೋಣೆಯ ವಿದ್ಯಾರ್ಥಿ

ಮಣಿಪಾಲದ ಕಥೆಯನ್ನು ಹಾಗೆಯೇ ಚಿಕ್ಕೋಡಿಗೆ ಅನ್ವಯಿಸುವುದು ಸರಿಯಾಗದು. ಮಣಿಪಾಲದ ವಿದ್ಯಾರ್ಥಿಗಳಲ್ಲಿ ಹೊರರಾಜ್ಯ ಮತ್ತು ಹೊರದೇಶದವರು ಬಹಳ. ಅಲ್ಲಿನ ಕೋಣೆ ಬಾಡಿಗೆ ನಿಗದಿಯಾಗುವುದು ಉಡುಪಿಯ ಸಂಬಳದ ಮೇಲಲ್ಲ, ದೆಹಲಿಯಲ್ಲೋ ದುಬೈನಲ್ಲೋ ಇರುವ ತಂದೆಯ ವರಮಾನದ ಮೇಲೆ. ಸ್ಥಳೀಯ ಗುಮಾಸ್ತ ಅದೇ ಕೋಣೆಗೆ ಅವನೊಡನೆ ಪೈಪೋಟಿ ನಡೆಸಬೇಕು.

ಚಿಕ್ಕೋಡಿಯ ಪದವಿ ಕಾಲೇಜಿಗೆ ಬರುವ ವಿದ್ಯಾರ್ಥಿಯಾದರೋ ಸುತ್ತಲಿನ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಬಂದು ಸಂಜೆ ಮರಳುತ್ತಾನೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ. ವಿದ್ಯಾರ್ಥಿನಿಯರು ಪಟ್ಟಣದಲ್ಲಿ ಕೋಣೆ ಹಿಡಿಯುವ ಅಗತ್ಯವನ್ನು ಅದು ಇನ್ನಷ್ಟು ತಗ್ಗಿಸುತ್ತದೆ. ಬಸ್ಸಿನ ವಿದ್ಯಾರ್ಥಿ ಚಹಾ, ಝೆರಾಕ್ಸು, ಪೆನ್ನುಗಳಿಗೆ ಗಿರಾಕಿ. ಜಾಗದ ಬೆಲೆಯನ್ನು ಏರಿಸುವುದಿಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಔಷಧ ವಿಜ್ಞಾನದಂತಹ ವೃತ್ತಿ ಶಿಕ್ಷಣಕ್ಕೆ ದೂರದಿಂದ ಬಂದು ನೆಲೆಸುವವನೇ ಕೋಣೆಯ ವಿದ್ಯಾರ್ಥಿ. ಆದ್ದರಿಂದ ಹೊಸ ಕಾಲೇಜು ಮಂಜೂರಾಯಿತೆಂಬ ಸುದ್ದಿ ಕೇಳಿ ದೊಡ್ಡ ಮುಂಗಡ ಕೊಟ್ಟು ಮಳಿಗೆ ಹಿಡಿಯುವ ಮುನ್ನ ಅದು ಯಾವ ಕಾಲೇಜು, ಸೀಟುಗಳೆಷ್ಟು, ಸಂಸ್ಥೆಯೇ ವಸತಿನಿಲಯ ಕಟ್ಟುವುದೇ ಎಂದು ವಿಚಾರಿಸಬೇಕು. ವಸತಿನಿಲಯದೊಳಗೇ ಊಟ ಮತ್ತು ಅಂಗಡಿ ಇದ್ದರೆ ಹೊರಗಿನ ಪೇಟೆಗೆ ಉಳಿಯುವುದು ಭಾನುವಾರದ ವ್ಯಾಪಾರ ಮಾತ್ರ.

ಜಿಲ್ಲಾ ಕೇಂದ್ರದ ವಿಷಯ ಬೇರೆ. ಕಚೇರಿ ಬಂದರೆ ನೌಕರನೂ ಅವನ ಕುಟುಂಬವೂ ಹನ್ನೆರಡು ತಿಂಗಳೂ ಊರಿನಲ್ಲಿರುತ್ತಾರೆ. ವ್ಯಾಪಾರ ಸ್ಥಿರವಾಗುತ್ತದೆ, ಬಾಡಿಗೆಯೂ ಸ್ಥಿರವಾಗಿ ಏರುತ್ತದೆ. ಇದಲ್ಲದೆ 2023ರ ಅಕ್ಟೋಬರ್ 1ರಿಂದ ರಾಜ್ಯಾದ್ಯಂತ ಸ್ಥಿರಾಸ್ತಿಗಳ ಮಾರ್ಗಸೂಚಿ ಬೆಲೆ ಏರಿದೆ. ನೋಂದಣಿ ವೆಚ್ಚ ಅದನ್ನವಲಂಬಿಸಿದೆ. ಪಟ್ಟಣಗಳ ಆಸ್ತಿ ತೆರಿಗೆಯೂ ಅದಕ್ಕೆ ಬೆಸೆದುಕೊಂಡಿದೆ. ಮಾಲೀಕರು ಆ ಹೊರೆಯನ್ನು ತಾವೇ ಇಟ್ಟುಕೊಳ್ಳುವರೆಂದು ನಿರೀಕ್ಷಿಸಲಾಗದು.

ಒಪ್ಪಂದ ಪತ್ರದ ಮಹತ್ವ

ಬಾಡಿಗೆದಾರನಿಗೆ ಕಾನೂನಿನ ರಕ್ಷಣೆ ಇದೆಯೆಂಬ ಭರವಸೆಯಲ್ಲಿ ಅನೇಕ ವ್ಯಾಪಾರಿಗಳಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆಯಾದರೂ, ವಾಣಿಜ್ಯ ಮಳಿಗೆಯ ವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರಿದರೆ ಅದು ಅನ್ವಯಿಸುವುದಿಲ್ಲ. ಅಂತಹ ಮಳಿಗೆಗಳು ಸ್ವತ್ತು ಹಸ್ತಾಂತರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಾಸಿಕ ಬಾಡಿಗೆಯ ಮಳಿಗೆಯನ್ನು ಅದರ ಪ್ರಕಾರ 15 ದಿನಗಳ ನೋಟಿಸ್ ನೀಡಿ ತೆರವುಗೊಳಿಸಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ಪತ್ರ ಕಡ್ಡಾಯವಾಗಿ ನೋಂದಣಿಯಾಗಬೇಕು. ಛಾಪಾ ಕಾಗದದ ಮೇಲೆ ಐದು ವರ್ಷವೆಂದು ಬರೆದು ನೋಂದಾಯಿಸದೆ ಇಟ್ಟ ಪತ್ರ ಐದು ವರ್ಷದ ರಕ್ಷಣೆ ಕೊಡುವುದಿಲ್ಲ. ಉತ್ಪಾದನಾ ಉದ್ದೇಶದ ಕಟ್ಟಡಕ್ಕೆ ಕಾಯ್ದೆಯಲ್ಲಿ ಆರು ತಿಂಗಳ ನೋಟಿಸಿನ ಮಾತಿದೆ. ನೋಂದಣಿಯಿಲ್ಲದ ಪತ್ರದ ಬಲದಿಂದ ಅದನ್ನು ಸಾಧಿಸುವುದು ಸುಲಭವಲ್ಲ. ಯಂತ್ರಗಳನ್ನು ಅಡಿಪಾಯ ಹಾಕಿ ಕೂರಿಸಿದವರು ನೋಂದಣಿಯ ಖರ್ಚನ್ನು ಯಂತ್ರದ ಬೆಲೆಯ ಭಾಗವೆಂದೇ ಭಾವಿಸುವುದು ಒಳ್ಳೆಯದು.

ತೆರಿಗೆಯ ಒಂದು ಅಂಶವೂ ಇಲ್ಲಿ ಸೇರಿಕೊಂಡಿದೆ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರಿಂದ ವಾಣಿಜ್ಯ ಮಳಿಗೆ ಹಿಡಿದ ನೋಂದಾಯಿತ ವ್ಯಾಪಾರಿ ಬಾಡಿಗೆಯ ಮೇಲೆ ಶೇ. 18ರ ತೆರಿಗೆಯನ್ನು ತಾನೇ ಸರ್ಕಾರಕ್ಕೆ ಕಟ್ಟಬೇಕು. ನಿಯಮಿತ ಪದ್ಧತಿಯವರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ನಗದು ಮಾತ್ರ ಮೊದಲು ಕೈಯಿಂದ ಹೋಗುತ್ತದೆ. ರಾಜಿ ತೆರಿಗೆ ಪದ್ಧತಿಯವರನ್ನು 2025ರ ಜನವರಿ 16ರಿಂದ ಈ ಹೊಣೆಯಿಂದ ಹೊರಗಿಡಲಾಗಿದೆ. 40 ಲಕ್ಷದ ಅಂಚಿನಲ್ಲಿರುವ ಅಂಗಡಿಯವರು ಪದ್ಧತಿ ಆಯ್ದುಕೊಳ್ಳುವಾಗ ಬಾಡಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನು ಮನೆಯ ಮೇಲಂತಸ್ತಿನಲ್ಲಿ ವಿದ್ಯಾರ್ಥಿಗಳನ್ನು ಇರಿಸಿಕೊಂಡವರಿಗೆ ಒಂದು ಅನುಕೂಲವಿದೆ: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಒದಗಿಸುವ ವಸತಿಗೆ 2024ರ ಜುಲೈ 15ರಿಂದ ವಿನಾಯಿತಿ ಇದೆ. ಚಿಕ್ಕೋಡಿ, ನಿಪ್ಪಾಣಿಗಳ ಕೋಣೆ ಬಾಡಿಗೆಗಳಿಗೆ ಈ ಮಿತಿ ಧಾರಾಳವಾಗಿಯೇ ಸಾಕು.

ಕರಾರು ಪತ್ರ ಬರೆಸುವಾಗ ವಾರ್ಷಿಕ ಏರಿಕೆಯ ಶೇಕಡಾವಾರನ್ನು ಅಂಕಿಯಲ್ಲಿ ನಮೂದಿಸುವುದು, ಸರ್ಕಾರಿ ಆದೇಶದಿಂದ ಅಂಗಡಿ ಅಥವಾ ಕಾಲೇಜು ಮುಚ್ಚಿದ ಅವಧಿಗೆ ಬಾಡಿಗೆ ರಿಯಾಯಿತಿಯ ಷರತ್ತು ಸೇರಿಸುವುದು, ಮುಂಗಡ ಹಣ ಮರಳಿಸುವ ಗಡುವನ್ನು ಬರೆಸುವುದು ಅವಶ್ಯ. ಮುಕ್ತಾಯದ ದಿನಾಂಕದ ಬಗ್ಗೆಯೂ ಯೋಚಿಸಬೇಕು. ಕಾಲೇಜು ರಸ್ತೆಯ ಕರಾರು ಮೇ 31ಕ್ಕೆ ಮುಗಿಯುವಂತಿದ್ದರೆ ಹೊಸ ಪ್ರವೇಶದ ಗದ್ದಲದಲ್ಲಿ, ಹತ್ತು ಜನ ಮಳಿಗೆ ಹುಡುಕುತ್ತಿರುವಾಗ, ಮಾಲೀಕರೊಡನೆ ಮಾತುಕತೆಗೆ ಕೂರಬೇಕಾಗುತ್ತದೆ. ಅದೇ ಕರಾರು ನವೆಂಬರ್ ಅಥವಾ ಡಿಸೆಂಬರಿನಲ್ಲಿ ಮುಗಿದರೆ, ವರ್ಷದ ಪ್ರವೇಶಗಳು ಮುಗಿದು ಹೊಸ ಗಿರಾಕಿ ಯಾರೂ ಬಾಗಿಲಲ್ಲಿ ನಿಂತಿರುವುದಿಲ್ಲ. ಹಿಂದಿನ ಆರು ತಿಂಗಳ ಮಾರಾಟದ ಅಂಕಿ ಅಂಶವೂ ವ್ಯಾಪಾರಿಯ ಕೈಯಲ್ಲಿರುತ್ತದೆ.